ಸಿಂಹ ಮತ್ತು ಕ್ಯಾಮರಾದ ನಡುವಣ ದೂರ: ವನ್ಯಸಿಂಹ ಛಾಯಾಗ್ರಹಣದ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಶಿಲ್ಪ, ಶಾಸನ ಹಾಗೂ ಕಾವ್ಯಗಳಲ್ಲಿ ಸಿಂಹಕ್ಕೆ ಹಿರಿದಾದ ಸ್ಥಾನವಿದೆ. ಹೊಯ್ಸಳರ ಲಾಂಛನದಲ್ಲಿಯೂ ಹಳೇಬೀಡಿನ ದೇವಾಲಯದ ಪಟ್ಟಿಕೆಗಳಲ್ಲಿಯೂ ಸಿಂಹವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ನಾಡಿನ ಯಾವ ಅರಣ್ಯದಲ್ಲಿಯೂ ಇಂದು ಸ್ವಚ್ಛಂದವಾಗಿ ಬದುಕುವ ಸಿಂಹವಿಲ್ಲ. ಬೆಂಗಳೂರಿನ ಸಮೀಪದ ಬನ್ನೇರುಘಟ್ಟದಲ್ಲಿ ‘ಸಫಾರಿ’ ಎಂಬ ಹೆಸರಿನಿಂದ ತೋರಿಸಲಾಗುವ ಸಿಂಹಗಳು ಬೇಲಿಯೊಳಗಿನವು. ಆದ್ದರಿಂದ ಕಾಡಿನಲ್ಲಿರುವ ಸಿಂಹವನ್ನು ಕುರಿತ ಕನ್ನಡಿಗರ ಕಲ್ಪನೆ ರೂಪುಗೊಂಡದ್ದು ಬಹುಮಟ್ಟಿಗೆ ಅನ್ಯದೇಶಗಳಲ್ಲಿ ತೆಗೆದ ಛಾಯಾಚಿತ್ರ ಹಾಗೂ ಚಲನಚಿತ್ರಗಳ ಮೂಲಕವೇ. ಆ ಚಿತ್ರಗಳು ಹೇಗೆ ಸಾಧ್ಯವಾದವು ಎಂಬ ಪ್ರಶ್ನೆಯು ಈ ಕಾರಣದಿಂದ ಕುತೂಹಲದ ಮಟ್ಟವನ್ನು ಮೀರಿದ್ದು, ಚರಿತ್ರೆಯ ವಿವೇಚನೆಗೆ ಅರ್ಹವಾದದ್ದಾಗಿದೆ.

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಪದ. ಅದರ ಮೂಲ ಪ್ರಯಾಣವನ್ನು ಸೂಚಿಸುವ ಅರಬ್ಬೀ ಶಬ್ದದಲ್ಲಿದೆ. ಪೂರ್ವ ಆಫ್ರಿಕಾದಲ್ಲಿ ಮೊದಲು ಯಾವುದೇ ದೂರ ಪ್ರಯಾಣಕ್ಕೆ ಬಳಕೆಯಾಗುತ್ತಿದ್ದ ಈ ಮಾತು ವಸಾಹತು ಕಾಲದಲ್ಲಿ ಬೇಟೆಯ ಪ್ರಯಾಣಕ್ಕೂ, ಅನಂತರ ಪ್ರವಾಸಿಗರ ವನ್ಯಜೀವಿ ವೀಕ್ಷಣೆಗೂ ಅನ್ವಯಗೊಂಡಿತು. ಈ ಅರ್ಥಪಲ್ಲಟದ ಜೊತೆಜೊತೆಗೇ ಸಿಂಹಕ್ಕೂ ಕ್ಯಾಮರಾಕ್ಕೂ ನಡುವಿದ್ದ ದೂರವು ಕ್ರಮೇಣ ಕಿರಿದಾಯಿತು. ಈ ಸಾಮೀಪ್ಯವನ್ನು ಛಾಯಾಗ್ರಾಹಕರ ಧೈರ್ಯದ ಮತ್ತು ಉಪಕರಣಗಳ ಸುಧಾರಣೆಯ ಫಲವೆಂದು ವಿವರಿಸುವುದು ರೂಢಿ. ಆದರೆ ಲಭ್ಯವಿರುವ ಚಾರಿತ್ರಿಕ ಸಂಗತಿಗಳನ್ನು ಒಟ್ಟಾಗಿ ಪರಿಶೀಲಿಸಿದರೆ ಸಾಮೀಪ್ಯದ ಬೆಲೆಯನ್ನು ಪ್ರತಿ ಘಟ್ಟದಲ್ಲಿಯೂ ಬೇರೆ ಯಾರೋ ತೆತ್ತಿರುವುದು ಕಂಡುಬರುತ್ತದೆ. ಕಟ್ಟಿಹಾಕಿದ ಪಶು, ಬಂದೂಕಿಗೆ ಬಲಿಯಾದ ಮೃಗ, ಮನುಷ್ಯರ ಭಯವನ್ನು ಮರೆತ ಸಿಂಹ, ಅರಣ್ಯದಂಚಿನ ಹಳ್ಳಿಗರು ಇವರೆಲ್ಲರೂ ಈ ಚರಿತ್ರೆಯ ಪಾತ್ರಧಾರಿಗಳು. ಪ್ರಸ್ತುತ ಪ್ರಬಂಧವು ಪೂರ್ವ ಆಫ್ರಿಕಾ ಹಾಗೂ ಗುಜರಾತಿನ ಗಿರ್ ಅರಣ್ಯಗಳನ್ನು ಮುಖ್ಯವಾಗಿರಿಸಿಕೊಂಡು ಈ ಅಂಶವನ್ನು ವಿವೇಚಿಸುತ್ತದೆ.

ಕಟ್ಟಿದ ಪಶು, ಕತ್ತಲೆಯ ಬೆಳಕು

ಹತ್ತೊಂಬತ್ತನೆಯ ಶತಮಾನದ ಕೊನೆಯ ಛಾಯಾಗ್ರಾಹಕನಿಗೆ ಸಿಂಹವು ಎರಡು ಬಗೆಯಲ್ಲಿ ಅಸಾಧ್ಯವಾದ ವಸ್ತುವಾಗಿತ್ತು. ಸಿಂಹವು ಹಗಲಿನ ಬಹುಭಾಗವನ್ನು ನೆರಳಿನಲ್ಲಿ ಮಲಗಿ ಕಳೆದು, ಮುಸ್ಸಂಜೆಯ ಅನಂತರ ಚಟುವಟಿಕೆಗೆ ತೊಡಗುವ ಪ್ರಾಣಿ. ಅಂದಿನ ಗಾಜಿನ ಫಲಕಗಳು ಮಂದ ಬೆಳಕಿನಲ್ಲಿ ಚಲಿಸುವ ಪ್ರಾಣಿಯನ್ನು ಹಿಡಿಯಲಾರದಷ್ಟು ನಿಧಾನವಾದವು. ದೂರದೃಶ್ಯದ ಮಸೂರಗಳು ತೂಕದವೂ ಬೆಳಕನ್ನು ಕಡಿಮೆ ಒಳಬಿಡುವಂಥವೂ ಆಗಿದ್ದವು. ಹಗಲಿನಲ್ಲಿ ದೊರೆಯದ ಪ್ರಾಣಿಯನ್ನು ಇರುಳಿನಲ್ಲಿ ಹಿಡಿಯಬೇಕಾದರೆ ಕೃತಕ ಬೆಳಕು ಬೇಕಾಗಿತ್ತು. 1887ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಮೆಗ್ನೀಸಿಯಂ ಮಿಶ್ರಿತ ಸ್ಫೋಟಕ ಪುಡಿಯು ಈ ಕೊರತೆಯನ್ನು ತುಂಬಿತು. ಅಮೆರಿಕದಲ್ಲಿ ಮೂರನೆಯ ಜಾರ್ಜ್ ಶೈರಾಸ್ ಇದೇ ಬಗೆಯ ಬೆಳಕಿನಿಂದ ರಾತ್ರಿಯ ವೇಳೆ ಜಿಂಕೆಗಳ ಚಿತ್ರಗಳನ್ನು ತೆಗೆದನು. ಪ್ರಾಣಿಯೇ ದಾರವನ್ನು ತಾಕಿ ತನ್ನ ಚಿತ್ರವನ್ನು ತಾನೇ ತೆಗೆಸಿಕೊಳ್ಳುವ ವಿಧಾನವನ್ನೂ ಅವನು ಬಳಸಿದ್ದನು.

ಈ ವಿಧಾನವನ್ನು ಸಿಂಹಗಳ ನಾಡಿಗೆ ಕೊಂಡೊಯ್ದವನು ಜರ್ಮನಿಯ ಕಾರ್ಲ್ ಗಿಯೋರ್ಗ್ ಶಿಲ್ಲಿಂಗ್ಸ್ (1865–1921). ಅಂದಿನ ಜರ್ಮನ್ ಪೂರ್ವ ಆಫ್ರಿಕಾದಲ್ಲಿ ಹಲವು ಬಾರಿ ಸಂಚರಿಸಿದ ಅವನ ಗ್ರಂಥವು 1905ರಲ್ಲಿ ಪ್ರಕಟವಾಯಿತು. ಮಿಂಚುಬೆಳಕು ಮತ್ತು ಕೋವಿ ಎರಡನ್ನೂ ಒಟ್ಟಿಗೆ ಹೇಳುವ ಅದರ ಶೀರ್ಷಿಕೆಯೇ ಆ ಘಟ್ಟದ ಸ್ವರೂಪವನ್ನು ಸೂಚಿಸುತ್ತದೆ. ಶಿಲ್ಲಿಂಗ್ಸನ ಕ್ರಮವು ಸರಳವಾಗಿತ್ತು. ಕತ್ತೆಯನ್ನೋ ಎತ್ತನ್ನೋ ನೀರಿನ ಸಮೀಪದ ಬಯಲಿನಲ್ಲಿ ಕಟ್ಟಲಾಗುತ್ತಿತ್ತು. ಕ್ಯಾಮರಾ ಹಾಗೂ ಬೆಳಕಿನ ಸಲಕರಣೆಗಳನ್ನು ಅದರ ಎದುರಿಗೆ ಹೂಡಿ ದಾರಗಳನ್ನು ಎಳೆಯಲಾಗುತ್ತಿತ್ತು. ಸಿಂಹವು ಪಶುವಿನ ಮೇಲೆರಗುವಾಗ ದಾರವು ಸೆಳೆದು, ಪುಡಿ ಸಿಡಿದು, ಫಲಕದ ಮೇಲೆ ಚಿತ್ರ ಮೂಡುತ್ತಿತ್ತು. ಏನು ದೊರೆತಿದೆ ಎಂಬುದು ಫಲಕವನ್ನು ಸಂಸ್ಕರಿಸಿದ ಮೇಲೆಯೇ ತಿಳಿಯುತ್ತಿತ್ತು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಯುರೋಪಿನ ಓದುಗರು ಸಿಂಹದ ಸಹಜ ಬದುಕಿನ ಮೊದಲ ದರ್ಶನವೆಂದು ಬಗೆದ ಈ ಚಿತ್ರಗಳಲ್ಲಿ ಮನುಷ್ಯನು ಪೂರ್ವಭಾವಿಯಾಗಿ ಏರ್ಪಡಿಸಿದ ಸಾವೊಂದು ಅಡಗಿತ್ತು. ಎರಡನೆಯದಾಗಿ, ಸ್ಫೋಟಕಗಳನ್ನೂ ಭಾರವಾದ ಗಾಜಿನ ಫಲಕಗಳನ್ನೂ ತಿಂಗಳುಗಟ್ಟಲೆ ಹೊತ್ತು ನಡೆದವರು, ಹೆಜ್ಜೆಗುರುತು ಹಿಡಿದು ಸಿಂಹವಿರುವ ತಾಣವನ್ನು ಹುಡುಕಿಕೊಟ್ಟವರು ಆ ನಾಡಿನ ಹೊರೆಯಾಳುಗಳು ಮತ್ತು ಜಾಡುಗಾರರು. ಚಿತ್ರದ ಕೀರ್ತಿಯಲ್ಲಿ ಅವರಿಗೆ ಪಾಲು ದೊರೆಯಲಿಲ್ಲ.

ಕೋವಿಯ ಕಾವಲಿನಲ್ಲಿ ಕ್ಯಾಮರಾ

1909ನೆಯ ವರ್ಷವು ಈ ಚರಿತ್ರೆಯಲ್ಲಿ ವಿಶೇಷವಾದುದು. ಅಮೆರಿಕದ ಅಧ್ಯಕ್ಷ ಪದವಿಯಿಂದ ಆಗತಾನೇ ಇಳಿದಿದ್ದ ಥಿಯೋಡೋರ್ ರೂಸ್‌ವೆಲ್ಟ್ ಆ ವರ್ಷ ಬ್ರಿಟಿಷ್ ಪೂರ್ವ ಆಫ್ರಿಕಾಕ್ಕೆ ಬೇಟೆಗೆ ತೆರಳಿದನು. ಅದೇ ವರ್ಷ ಆರ್ಥರ್ ರಾಡ್‌ಕ್ಲಿಫ್ ಡಗ್‌ಮೋರ್ ಎಂಬವನು ಕ್ಯಾಮರಾವನ್ನೇ ಪ್ರಧಾನವಾಗಿರಿಸಿಕೊಂಡು ಅದೇ ಪ್ರದೇಶದಲ್ಲಿ ಸಂಚರಿಸಿ, ಮರುವರ್ಷ ತನ್ನ ಚಿತ್ರಗ್ರಂಥವನ್ನು ಪ್ರಕಟಿಸಿದನು. ಮುಳ್ಳುಬೇಲಿಯ ಮರೆಯಲ್ಲಿ ಇರುಳೆಲ್ಲ ಕುಳಿತು ಮಿಂಚುಬೆಳಕಿನಿಂದ ಅವನು ಸಿಂಹಗಳ ಚಿತ್ರ ತೆಗೆದನು. ಅವನ ಜೊತೆಯಲ್ಲಿಯೂ ಕೋವಿಯಿತ್ತು. ಕ್ಯಾಮರಾ ಹಿಡಿದವನು ಒಬ್ಬ, ಅವನ ಪಕ್ಕದಲ್ಲಿ ಕೋವಿ ಹಿಡಿದು ನಿಂತವನು ಇನ್ನೊಬ್ಬ ಎಂಬ ಏರ್ಪಾಡು ಮುಂದಿನ ಎರಡು ದಶಕಗಳ ಕಾಲ ಸಿಂಹ ಛಾಯಾಗ್ರಹಣದ ರೂಢಿಯಾಯಿತು.

ರೂಸ್‌ವೆಲ್ಟನ ಪ್ರವಾಸದ ಕೆಲವು ದೃಶ್ಯಗಳನ್ನು ಇಂಗ್ಲೆಂಡಿನ ಚೆರಿ ಕಿಯರ್ಟನ್ ಚಲನಚಿತ್ರವಾಗಿ ಸೆರೆಹಿಡಿದನು. 1910ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಪ್ರೇಕ್ಷಕರು ನಿರೀಕ್ಷಿಸಿದ್ದ ಸಿಂಹದ ರೋಮಾಂಚಕ ಬೇಟೆ ಇರಲಿಲ್ಲ. ಅದಕ್ಕಿಂತ ಮೊದಲೇ, 1909ರಲ್ಲಿ, ಷಿಕಾಗೋದ ನಿರ್ಮಾಪಕ ವಿಲಿಯಂ ಸೆಲಿಗ್ ಮುದಿ ಸಿಂಹವೊಂದನ್ನು ಕೊಂಡು, ಚಿತ್ರೀಕರಣದ ಅಂಗಳದಲ್ಲಿ ಕೃತಕ ಕಾಡನ್ನು ನಿರ್ಮಿಸಿ, ರೂಸ್‌ವೆಲ್ಟನನ್ನು ಹೋಲುವ ನಟನನ್ನು ನಿಲ್ಲಿಸಿ, ಕ್ಯಾಮರಾದ ಎದುರಿಗೇ ಆ ಪ್ರಾಣಿಯನ್ನು ಕೊಲ್ಲಿಸಿದ್ದನು. ಸೆಲಿಗ್‌ನ ಚಿತ್ರವು ಜನಪ್ರಿಯವಾಯಿತು. ಸಿಂಹವು ಹತ್ತಿರದಲ್ಲಿರಬೇಕು, ಕೆರಳಿರಬೇಕು ಎಂಬ ಬೇಡಿಕೆಯನ್ನು ಮಾರುಕಟ್ಟೆಯು ಇಷ್ಟು ಮುಂಚಿತವಾಗಿಯೇ ಸ್ಪಷ್ಟಪಡಿಸಿತ್ತು. ನಿಜವಾದ ಕಾಡಿಗೆ ಹೋದವರೂ ಈ ಬೇಡಿಕೆಯ ಒತ್ತಡದಿಂದ ಮುಕ್ತರಾಗಿರಲಿಲ್ಲ.

ಮಾರ್ಟಿನ್ ಜಾನ್ಸನ್ (1884–1937) ಹಾಗೂ ಓಸಾ ಜಾನ್ಸನ್ (1894–1953) ದಂಪತಿಗಳ ಕಾರ್ಯದಲ್ಲಿ ಇದನ್ನು ಕಾಣಬಹುದು. ಅಮೆರಿಕದ ಕಾನ್ಸಾಸ್ ಪ್ರಾಂತದವರಾದ ಇವರು ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದ ಬೆಂಬಲದಿಂದ 1924ರಿಂದ 1927ರವರೆಗೆ ಉತ್ತರ ಕೀನ್ಯಾದ ಮಾರ್ಸಾಬಿಟ್‌ನಲ್ಲಿ ನೆಲೆಸಿದ್ದರು. ಟ್ಯಾಂಗನೀಕಾದ ಬಯಲುಗಳಲ್ಲಿ ಅವರು ಸಿಂಹಗಳನ್ನು ಚಿತ್ರೀಕರಿಸಿದರು. 1928ರಲ್ಲಿ ತೆರೆಕಂಡ ಅವರ ‘ಸಿಂಬಾ’ ಚಿತ್ರವು ಅಪಾರ ಜನಮನ್ನಣೆ ಗಳಿಸಿತು. ಮಾರ್ಟಿನ್ ಕ್ಯಾಮರಾದ ಹಿಡಿಯನ್ನು ತಿರುಗಿಸುತ್ತಿದ್ದಾಗ ಓಸಾ ಕೋವಿ ಹಿಡಿದು ಕಾಯುತ್ತಿದ್ದಳು. ಸಿಂಹಗಳನ್ನು ಹತ್ತಿರಕ್ಕೆ ಸೆಳೆಯಲು ಜೀಬ್ರಾಗಳನ್ನು ಕೊಂದು ಇಡಲಾಗುತ್ತಿತ್ತು. ಸ್ಥಳೀಯ ಈಟಿಗಾರರು ಸಿಂಹವನ್ನು ಸುತ್ತುವರಿದು ಕೊಲ್ಲುವ ದೃಶ್ಯಗಳು ಚಿತ್ರೀಕರಣಕ್ಕಾಗಿಯೇ ಏರ್ಪಟ್ಟವು. ಸಂರಕ್ಷಣೆಯ ಕಳಕಳಿಯಿದ್ದ ವಿದ್ವತ್ ಸಂಸ್ಥೆಯೊಂದರ ಹೆಸರು ಈ ಚಿತ್ರದೊಂದಿಗೆ ಜೋಡಿಸಿಕೊಂಡಿದ್ದುದನ್ನು ನೆನೆದರೆ ಆ ಕಾಲದ ದ್ವಂದ್ವವು ಮನವರಿಕೆಯಾಗುತ್ತದೆ.

ಮೋಟಾರು ವಾಹನ ಮತ್ತು ಸಿಂಹದ ಕಲಿಕೆ

ಸಾಮೀಪ್ಯದ ಚರಿತ್ರೆಯಲ್ಲಿ ಮಸೂರಕ್ಕಿಂತಲೂ ದೊಡ್ಡ ತಿರುವನ್ನು ತಂದದ್ದು ಮೋಟಾರು ಕಾರು. 1920ರ ದಶಕದಲ್ಲಿ ಸೆರೆಂಗೆಟಿಯ ತೆರೆದ ಹುಲ್ಲುಗಾವಲಿಗೆ ಕಾರುಗಳು ಬಂದಾಗ ಅಲ್ಲಿಯ ಸಿಂಹಗಳು ಅವುಗಳನ್ನು ಅಪಾಯವೆಂದು ಗ್ರಹಿಸಲಿಲ್ಲ. ವಾಹನದೊಳಗೆ ಕುಳಿತ ಮನುಷ್ಯನ ಆಕಾರವು ವಾಹನದ ಆಕಾರದಲ್ಲಿ ಕರಗಿಹೋಗುತ್ತದೆ. ಎಣ್ಣೆ ಹಾಗೂ ಹೊಗೆಯ ವಾಸನೆಯು ಮನುಷ್ಯನ ವಾಸನೆಯನ್ನು ಮುಸುಕುತ್ತದೆ. ಒಬ್ಬನು ಎದ್ದುನಿಂತರೆ ಅಥವಾ ಕೆಳಗಿಳಿದರೆ ಈ ರಕ್ಷಣೆ ತತ್‌ಕ್ಷಣ ಮುರಿಯುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನವು 1926ರಲ್ಲಿ ಸ್ಥಾಪಿತವಾಗಿ, 1927ರಲ್ಲಿ ಅಲ್ಲಿಗೆ ಬಂದ ಪ್ರವಾಸಿ ಕಾರುಗಳು ಕೇವಲ ಮೂರು. ಮುಂದಿನ ದಶಕದಲ್ಲಿ ಅವುಗಳ ಸಂಖ್ಯೆ ಬೆಳೆದಂತೆ ಸಿಂಹಗಳು ಕಾರುಗಳನ್ನು ಲಕ್ಷಿಸದೆ ರಸ್ತೆಯಲ್ಲಿಯೇ ಮಲಗುವುದನ್ನು ಅದರ ಮೇಲ್ವಿಚಾರಕನಾಗಿದ್ದ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಗಮನಿಸಿದನು.

ಸಿಂಹದ ಈ ನಿರ್ಲಕ್ಷ್ಯವು ಛಾಯಾಗ್ರಾಹಕನಿಗೆ ವರವಾದಂತೆಯೇ ಬೇಟೆಗಾರನಿಗೂ ವರವಾಯಿತು. ಸೆರೆಂಗೆಟಿಯಲ್ಲಿ ಕಾರಿನಿಂದಲೇ ಸಿಂಹಗಳನ್ನು ಕೊಲ್ಲುವ ಪರಿಪಾಠವು ಹಬ್ಬಿದಾಗ, ಸ್ವತಃ ವೃತ್ತಿಬೇಟೆಗಾರನಾಗಿದ್ದ ಡೆನಿಸ್ ಫಿಂಚ್ ಹ್ಯಾಟನ್ 1920ರ ದಶಕದ ಕೊನೆಯಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಮೂಲಕ ಅದನ್ನು ಬಲವಾಗಿ ಖಂಡಿಸಿ, ಕ್ಯಾಮರಾದ ಬೇಟೆಯನ್ನು ಸಮರ್ಥಿಸಿದನು. 1928 ಹಾಗೂ 1930ರಲ್ಲಿ ಅವನು ವೇಲ್ಸ್ ರಾಜಕುಮಾರನ ಆಫ್ರಿಕಾ ಪ್ರವಾಸಗಳಿಗೆ ಮಾರ್ಗದರ್ಶಿಯಾಗಿದ್ದುದು ಈ ಅಭಿಪ್ರಾಯಕ್ಕೆ ಪ್ರತಿಷ್ಠೆಯನ್ನೂ ತಂದಿತು. ಸೆರೆಂಗೆಟಿಯು 1929ರಲ್ಲಿ ಪೂರ್ಣ ಪ್ರಮಾಣದ ಮೃಗಧಾಮವಾಯಿತು. 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಬೇಟೆ ನಿಂತ ಮೇಲೆಯೂ ಆಮಿಷ ನಿಲ್ಲಲಿಲ್ಲ. 1930ರ ದಶಕದಲ್ಲಿ ಸೆರೆಂಗೆಟಿಗೆ ಬರುತ್ತಿದ್ದ ಛಾಯಾಗ್ರಾಹಕರಿಗಾಗಿ ಹುಲ್ಲೆ, ಜೀಬ್ರಾಗಳನ್ನು ಕೊಂದು ಕಾರಿನ ಹಿಂದೆ ಕಟ್ಟಿ ಎಳೆಯುವುದು ಸಾಮಾನ್ಯವಾಗಿತ್ತು. ಕಾರಿನ ಸದ್ದು ಮತ್ತು ಕೋವಿಯ ಸದ್ದು ಎರಡನ್ನೂ ಸಿಂಹಗಳು ಆಹಾರದ ಕರೆಯೆಂದು ಕಲಿತವು. ಬೇಟೆಯ ಕಾಲದಲ್ಲಿ ಸಾವನ್ನು ಸೂಚಿಸುತ್ತಿದ್ದ ಸದ್ದು ಕೆಲವೇ ವರ್ಷಗಳಲ್ಲಿ ಊಟವನ್ನು ಸೂಚಿಸತೊಡಗಿದ್ದು ಪ್ರಾಣಿಯ ಕಲಿಕೆಯ ಸಾಮರ್ಥ್ಯಕ್ಕೆ ಸಾಕ್ಷಿ. ಜನಪ್ರಿಯ ಚಿತ್ರಗಳಲ್ಲಿ ಕಂಡುಬಂದ ‘ಸೌಮ್ಯ ಸಿಂಹ’ವು ಹೀಗೆ ಮನುಷ್ಯನ ವರ್ತನೆಯಿಂದ ರೂಪುಗೊಂಡದ್ದು. ಈ ಪದ್ಧತಿ ತೊಲಗಿದ ಮೇಲೂ ವಾಹನಗಳ ಬಗೆಗಿನ ಉದಾಸೀನತೆ ಉಳಿದುಕೊಂಡಿತು. ಇಂದಿನ ಸಫಾರಿ ಛಾಯಾಗ್ರಹಣವೆಲ್ಲವೂ ನಿಂತಿರುವುದು ಇದರ ಮೇಲೆಯೇ.

ಗಿರ್ ಅರಣ್ಯದ ‘ಸಿಂಹ ಪ್ರದರ್ಶನ’

ಆಫ್ರಿಕಾದ ಹೊರಗೆ ವನ್ಯಸಿಂಹಗಳು ಉಳಿದಿರುವುದು ಗುಜರಾತಿನ ಸೌರಾಷ್ಟ್ರದಲ್ಲಿ ಮಾತ್ರ. ಜುನಾಗಢದ ನವಾಬರ ರಕ್ಷಣೆಯಲ್ಲಿ ಉಳಿದುಬಂದ ಈ ಸಂತತಿಗಾಗಿ 1965ರಲ್ಲಿ ಗಿರ್ ಅಭಯಾರಣ್ಯವೂ 1975ರಲ್ಲಿ ಅದರೊಳಗೆ ರಾಷ್ಟ್ರೀಯ ಉದ್ಯಾನವೂ ಸ್ಥಾಪನೆಗೊಂಡವು. ಗಿರ್‌ನ ಸನ್ನಿವೇಶವು ಸೆರೆಂಗೆಟಿಗಿಂತ ಭಿನ್ನವಾದುದು. ಇಲ್ಲಿಯ ನೆಲವು ತೇಗ ಹಾಗೂ ಮುಳ್ಳುಗಿಡಗಳ ಒಣಕಾಡು. ದೂರದವರೆಗೆ ನೋಟ ಹರಿಯುವುದಿಲ್ಲ. ಎಮ್ಮೆಗಳನ್ನು ಸಾಕುವ ಮಾಲಧಾರಿಗಳು ಸಿಂಹಗಳ ನಡುವೆಯೇ ತಲೆಮಾರುಗಳಿಂದ ಬದುಕಿದ್ದಾರೆ. ಕಾಲ್ನಡಿಗೆಯಲ್ಲಿ ಕೋಲು ಹಿಡಿದು ಸಾಗುವ ಮನುಷ್ಯನನ್ನು ಇಲ್ಲಿಯ ಸಿಂಹ ಸಹಿಸಿಕೊಂಡಿತ್ತು. 1970ರ ಸುಮಾರಿನಲ್ಲಿ ಇಲ್ಲಿ ಅಧ್ಯಯನ ನಡೆಸಿದ ಪಾಲ್ ಜಾಸ್ಲಿನ್ ಸಿಂಹಗಳ ಆಹಾರದ ಸುಮಾರು ನಾಲ್ಕರಲ್ಲಿ ಮೂರು ಪಾಲು ಸಾಕುಪ್ರಾಣಿಗಳೇ ಎಂದು ಕಂಡುಕೊಂಡನು.

ಇಂಥ ಕಾಡಿನಲ್ಲಿ ಪ್ರವಾಸಿಗರಿಗೆ ಸಿಂಹವನ್ನು ತೋರಿಸಲು ‘ಸಿಂಹ ಪ್ರದರ್ಶನ’ ಎಂಬ ವ್ಯವಸ್ಥೆ ರೂಢಿಗೆ ಬಂದಿತು. ಎಮ್ಮೆಯ ಕರುವನ್ನು ಆಮಿಷವಾಗಿಟ್ಟು, ಅರಣ್ಯದ ಜಾಡುಗಾರರು ಸಿಂಹಗಳನ್ನು ಗೊತ್ತಾದ ತಾಣಕ್ಕೆ ಸೆಳೆಯುತ್ತಿದ್ದರು. ಪ್ರವಾಸಿಗರು ಕಾಲ್ನಡಿಗೆಯಲ್ಲಿಯೇ ಹತ್ತಿರ ಸಾಗಿ ನೋಡುತ್ತಿದ್ದರು, ಚಿತ್ರ ತೆಗೆಯುತ್ತಿದ್ದರು. 1987ರಲ್ಲಿ ಈ ಪ್ರದರ್ಶನಗಳನ್ನು ನಿಲ್ಲಿಸಲಾಯಿತು. ಸಿಂಹದ ಸಹಜ ಬದುಕಿನ ದೃಷ್ಟಿಯಿಂದ ಅದು ಯೋಗ್ಯವಾದ ನಿರ್ಧಾರ. ಆದರೆ ಅದೇ ಹೊತ್ತಿಗೆ, 1987–88ರಲ್ಲಿ, ಸೌರಾಷ್ಟ್ರವು ಭೀಕರ ಬರಗಾಲಕ್ಕೆ ತುತ್ತಾಯಿತು.

ಅನಂತರ ನಡೆದುದನ್ನು ವಸಂತ್ ಸಬರ್‌ವಾಲ್ ಮತ್ತು ಸಹಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವು ದಾಖಲಿಸಿದೆ. 1978ರಿಂದ 1991ರವರೆಗಿನ 193 ದಾಳಿಗಳ ಮಾಹಿತಿಯನ್ನು ಅದು ಪರಿಶೀಲಿಸಿತು. ಬರಗಾಲಕ್ಕೆ ಮುನ್ನ ವರ್ಷಕ್ಕೆ ಸರಾಸರಿ 7.3 ಇದ್ದ ಮನುಷ್ಯರ ಮೇಲಿನ ದಾಳಿಗಳು ಅನಂತರ 40ಕ್ಕೆ ಏರಿದವು. ಈ ದಾಳಿಗಳಲ್ಲಿ 82 ಪ್ರತಿಶತದಷ್ಟು ಸಂರಕ್ಷಿತ ಅರಣ್ಯದ ಹೊರಗೆ ಸಂಭವಿಸಿದ್ದವು. ಬರಗಾಲವನ್ನು ಪ್ರಧಾನ ಕಾರಣವೆಂದು ಗುರುತಿಸಿದ ಸಂಶೋಧಕರು ಪ್ರವಾಸಿಗರಿಗಾಗಿ ನಡೆಯುತ್ತಿದ್ದ ಆಮಿಷವು ಹಠಾತ್ತನೆ ನಿಂತುದನ್ನೂ ಸಂಭಾವ್ಯ ಕಾರಣಗಳಲ್ಲಿ ಪರಿಗಣಿಸಿದರು. ಮನುಷ್ಯರ ಸಮೀಪದಲ್ಲಿ ಆಹಾರವನ್ನು ನಿರೀಕ್ಷಿಸಲು ಕಲಿತ ಪ್ರಾಣಿಗೆ ಆಹಾರ ನಿಂತುಹೋದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಗಿರ್ ಹೀಗೆ ಮುಂದಿಟ್ಟಿತು. ಪ್ರದರ್ಶನದ ಸಂತೋಷವನ್ನು ಪಡೆದವರು ಪ್ರವಾಸಿಗರು. ಅಪಾಯವು ಬಂದೆರಗಿದ್ದು ಹಳ್ಳಿಗರ ಮೇಲೆ.

ಸೌರಾಷ್ಟ್ರದ ಸಿಂಹಗಳ ಸಂಖ್ಯೆ 1968ರ ಗಣತಿಯಲ್ಲಿ 177 ಇದ್ದುದು 2015ರಲ್ಲಿ 523ಕ್ಕೂ 2025ರಲ್ಲಿ 891ಕ್ಕೂ ಏರಿದೆ. ಅವುಗಳಲ್ಲಿ ಅನೇಕವು ಅಭಯಾರಣ್ಯದ ಗಡಿಯನ್ನು ದಾಟಿ ಹೊಲ, ತೋಟಗಳ ನಡುವೆ ವಾಸಿಸುತ್ತಿವೆ. 2018ರಲ್ಲಿಯೂ ಕೋಳಿಯನ್ನು ತೋರಿಸಿ ಸಿಂಹವನ್ನು ಸೆಳೆಯುವ ಅಕ್ರಮ ಪ್ರದರ್ಶನದ ದೃಶ್ಯವೊಂದು ಬಹಿರಂಗಗೊಂಡು ವಿವಾದಕ್ಕೆ ಎಡೆಮಾಡಿತು. ಹಳೆಯ ಪದ್ಧತಿಯ ಆಕರ್ಷಣೆಯು ನಿಷೇಧದಿಂದ ಸಂಪೂರ್ಣ ಅಳಿದಿಲ್ಲವೆಂಬುದಕ್ಕೆ ಇದು ನಿದರ್ಶನ.

ಚಿತ್ರದಿಂದ ಗುರುತಿನೆಡೆಗೆ

ಸಾಮೀಪ್ಯವು ಸಿಂಹಕ್ಕೆ ಉಪಕಾರವಾದ ಸಂದರ್ಭವೂ ಇದೆ. ಜಾರ್ಜ್ ಶಾಲರ್ 1966ರಿಂದ 1969ರವರೆಗೆ ಸೆರೆಂಗೆಟಿಯಲ್ಲಿ ನಡೆಸಿದ ಅಧ್ಯಯನವು 1972ರಲ್ಲಿ ಗ್ರಂಥರೂಪದಲ್ಲಿ ಬಂದಿತು. ವಾಹನಗಳಿಗೆ ಒಗ್ಗಿಹೋಗಿದ್ದ ಸಿಂಹಗಳನ್ನು ದೀರ್ಘಕಾಲ ಹತ್ತಿರದಿಂದ ಗಮನಿಸಲು ಅವರಿಗೆ ಸಾಧ್ಯವಾಯಿತು. 1970ರಲ್ಲಿ ಕಾಲಿನ್ ಪೆನಿಕುಕ್ ಮತ್ತು ಜುಡಿತ್ ರುಡ್ನಾಯ್ ಸಿಂಹಗಳನ್ನು ಪ್ರತ್ಯೇಕವಾಗಿ ಗುರುತಿಸುವ ವಿಧಾನವೊಂದನ್ನು ಪ್ರಕಟಿಸಿದರು. ಸಿಂಹದ ಮೀಸೆಯ ಕೂದಲುಗಳ ಬುಡದಲ್ಲಿ ಕಪ್ಪು ಚುಕ್ಕೆಗಳ ಸಾಲುಗಳಿವೆ. ಮೇಲಿನ ಸಾಲಿನ ಕೆಲವೇ ಚುಕ್ಕೆಗಳು ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರದಲ್ಲಿವೆ ಎಂಬುದು ಒಂದೊಂದು ಸಿಂಹದಲ್ಲಿಯೂ ಬೇರೆಬೇರೆ. ಒಂದೇ ಸಿಂಹದ ಎಡ ಹಾಗೂ ಬಲಗೆನ್ನೆಗಳ ವಿನ್ಯಾಸವೂ ಒಂದೇ ಅಲ್ಲ. ಈ ವಿನ್ಯಾಸವು ಜೀವಮಾನವಿಡೀ ಬದಲಾಗುವುದಿಲ್ಲ. ಎರಡೂ ಪಾರ್ಶ್ವಗಳ ಸ್ಪಷ್ಟವಾದ ಸಮೀಪಚಿತ್ರ ದೊರೆತರೆ ಸಿಂಹವನ್ನು ಹಿಡಿಯದೆ, ಮುಟ್ಟದೆ, ಗುರುತು ಹಾಕದೆ ಅದರ ಜೀವನವನ್ನು ಹುಟ್ಟಿನಿಂದ ಸಾವಿನವರೆಗೆ ಅನುಸರಿಸಬಹುದು.

ಛಾಯಾಚಿತ್ರದ ಅರ್ಥವು ಇಲ್ಲಿ ಬದಲಾಯಿತು. ಶಿಲ್ಲಿಂಗ್ಸನ ಫಲಕದಲ್ಲಿ ಕಾಣುತ್ತಿದ್ದುದು ‘ಸಿಂಹ’ ಎಂಬ ಜಾತಿ. ಸಂಶೋಧಕನ ಕಾರ್ಡಿನಲ್ಲಿ ಕಂಡದ್ದು ನಿರ್ದಿಷ್ಟವಾದ ಒಂದು ಪ್ರಾಣಿ, ಅದರ ತಾಯಿ, ಅದರ ಹಿಂಡು. 1994ರಲ್ಲಿ ನಾಯಿಗಳಿಂದ ಹರಡಿದ ಡಿಸ್ಟೆಂಪರ್ ರೋಗವು ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬಲಿತೆಗೆದುಕೊಂಡಾಗ ಆ ನಷ್ಟವನ್ನು ಅಳೆಯಲು ವರ್ಷಾನುಗಟ್ಟಲೆ ಸಂಗ್ರಹಿಸಿದ್ದ ಗುರುತಿನ ದಾಖಲೆಗಳು ನೆರವಾದವು.

ಈ ಸಂದರ್ಭದಲ್ಲಿ ಕರ್ನಾಟಕದ ಪ್ರಯೋಗವೊಂದನ್ನು ಸ್ಮರಿಸುವುದು ಉಚಿತ. ಹುಲಿಯ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಬಹುದೆಂಬುದನ್ನು ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲಿಯೇ ತನ್ನ ಚಿತ್ರಗಳಿಂದ ಅರಿತಿದ್ದನು. ಕೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ಸ್ವಯಂಚಾಲಿತ ಕ್ಯಾಮರಾಗಳನ್ನು ಅಳವಡಿಸಿ, ಪಟ್ಟೆಗಳ ಆಧಾರದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ರೂಪಿಸಿದರು. ಪ್ರಾಣಿಯೇ ತನ್ನ ಚಿತ್ರವನ್ನು ತೆಗೆಸಿಕೊಳ್ಳುವ ತತ್ತ್ವವು ಶಿಲ್ಲಿಂಗ್ಸನ ಕಾಲದ್ದೇ. ಆದರೆ ಇಲ್ಲಿ ಕಟ್ಟಿದ ಪಶುವಿರಲಿಲ್ಲ. ಪ್ರಾಣಿಯು ತನ್ನ ಪಾಡಿಗೆ ತಾನು ನಡೆಯುವ ದಾರಿಯನ್ನು ಅರಿಯುವುದೇ ಮುಖ್ಯವಾಗಿತ್ತು.

ಗಡಿಯಾಚೆಗಿನ ವಿಶ್ವಾಸ

ಕೀನ್ಯಾ ಸರ್ಕಾರವು 1977ರಲ್ಲಿ ಬೇಟೆಯನ್ನು ನಿಷೇಧಿಸಿದ ಮೇಲೆ ಆ ದೇಶದಲ್ಲಿ ಸಫಾರಿಯೆಂದರೆ ಕ್ಯಾಮರಾದ ಸಫಾರಿಯೇ ಆಯಿತು. ವಾಹನಗಳ ದಟ್ಟಣೆಯು ಹೊಸ ಸಮಸ್ಯೆಯಾಗಿ ತಲೆದೋರಿತು. ಮಸಾಯಿ ಮಾರಾದಲ್ಲಿ ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನಗಳು ಸೇರಬಾರದೆಂಬ ನಿಯಮವಿದ್ದರೂ ಅದರ ಪಾಲನೆ ಸುಲಭವಾಗಿಲ್ಲ. ಅದೇ ಪ್ರದೇಶದ ಚೀತಾಗಳನ್ನು ಕುರಿತು ಫೆಮ್ಕೆ ಬ್ರೂಖೌಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವಾಸಿಗರು ವಿರಳವಾಗಿರುವಲ್ಲಿ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳು ಬೆಳೆದು ಸ್ವತಂತ್ರವಾದರೆ, ದಟ್ಟಣೆಯಿರುವಲ್ಲಿ ಆ ಸಂಖ್ಯೆ ಕೇವಲ 0.2. ಬಲಶಾಲಿಯಾದ ಸಿಂಹಕ್ಕೆ ಈ ಲೆಕ್ಕ ಯಥಾವತ್ತಾಗಿ ಅನ್ವಯಿಸದು. ಆದರೂ ಕ್ಯಾಮರಾವು ಹಿಂಸೆಯಿಲ್ಲದ ಸಾಧನವೆಂಬ ನಂಬಿಕೆಗೆ ಒಂದು ಮಿತಿಯಿರುವುದನ್ನು ಇದು ತೋರಿಸುತ್ತದೆ.

ಇತ್ತೀಚಿನ ದಶಕಗಳಲ್ಲಿ ಛಾಯಾಗ್ರಾಹಕನು ಸಿಂಹದಿಂದ ದೂರ ಸರಿದು ಕ್ಯಾಮರಾ ಮಾತ್ರ ಹತ್ತಿರ ಸಾಗಿರುವುದು ವಿಶೇಷ. ಸೆರೆಂಗೆಟಿಯಲ್ಲಿ 2010ರಿಂದ 225 ಸ್ವಯಂಚಾಲಿತ ಕ್ಯಾಮರಾಗಳ ಜಾಲವು 1,125 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕೆಲಸ ಮಾಡಿತು. ಮೈಕೆಲ್ ನಿಕೋಲ್ಸ್ ದೂರನಿಯಂತ್ರಿತ ಯಂತ್ರ ಹಾಗೂ ಅವಕೆಂಪು ಬೆಳಕನ್ನು ಬಳಸಿ ಸೆರೆಂಗೆಟಿಯ ವುಂಬಿ ಹಿಂಡಿನ ಚಿತ್ರಗಳನ್ನು ತೆಗೆದರು. ಬಂಡೆಯ ಮೇಲೆ ಮರಿಗಳೊಡನೆ ಮಲಗಿರುವ ಐದು ಸಿಂಹಿಣಿಯರ ಚಿತ್ರವು 2014ರಲ್ಲಿ ಅಂತರರಾಷ್ಟ್ರೀಯ ಪುರಸ್ಕಾರವನ್ನು ಪಡೆಯಿತು. ಸುಮಾರು ಆರು ತಿಂಗಳ ಒಡನಾಟದಿಂದ ಆ ಹಿಂಡು ಅವರ ಇರವಿಗೆ ಒಗ್ಗಿತ್ತು. ಚಿತ್ರ ತೆಗೆದ ಕೆಲವು ತಿಂಗಳ ಮೇಲೆ ಉದ್ಯಾನದ ಗಡಿಯನ್ನು ದಾಟಿದ ಆ ಹಿಂಡಿನ ಮೂರು ಸಿಂಹಿಣಿಯರು ಹತವಾದವು.

ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ‘ಸೆಸಿಲ್’ ಎಂಬ ಸಿಂಹದ ಪ್ರಕರಣವೂ ಇದಕ್ಕೆ ಸಮಾನವಾದುದು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಕೊರಳಪಟ್ಟಿ ತೊಡಿಸಿ ಅಧ್ಯಯನ ಮಾಡುತ್ತಿದ್ದ, ಪ್ರವಾಸಿಗರ ಕ್ಯಾಮರಾಗಳಿಗೆ ಬಹುವಾಗಿ ಪರಿಚಿತವಾಗಿದ್ದ ಆ ಸಿಂಹವು 2015ರ ಜುಲೈಯಲ್ಲಿ ಉದ್ಯಾನದ ಹೊರಗೆ ಬೇಟೆಗಾರನೊಬ್ಬನ ಬಾಣಕ್ಕೆ ಗುರಿಯಾಯಿತು. ಅದನ್ನು ಅಲ್ಲಿಗೆ ಸೆಳೆದದ್ದು ಮತ್ತೆ ಆಮಿಷವೇ. ವಾಹನವನ್ನು ನಂಬಲು ಕಲಿತ ಸಿಂಹಕ್ಕೆ ಆ ನಂಬಿಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಗಡಿರೇಖೆಯು ತಿಳಿಯದು.

ಉಪಸಂಹಾರ

ಒಂದು ಶತಮಾನಕ್ಕೂ ಮಿಕ್ಕಿದ ಈ ಚರಿತ್ರೆಯಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ವನ್ಯಸಿಂಹದ ಸಮೀಪಚಿತ್ರವು ಆರಂಭದಿಂದಲೂ ಏರ್ಪಾಡುಗಳ ಫಲವಾಗಿದ್ದು, ಆ ಏರ್ಪಾಡುಗಳು ಚಿತ್ರದ ಚೌಕಟ್ಟಿನ ಹೊರಗೆ ಉಳಿದಿವೆ. ದೂರವು ಕಡಿಮೆಯಾದದ್ದರಲ್ಲಿ ಮನುಷ್ಯನ ಕೌಶಲಕ್ಕಿರುವಷ್ಟೇ ಪಾಲು ಸಿಂಹದ ಕಲಿಕೆಗೂ ಇದೆ. ಕಲಿಸಿದವರು ಹೊರಟುಹೋದ ಮೇಲೂ ಕಲಿಕೆ ಉಳಿಯುವುದರಿಂದ ಅದರ ಪರಿಣಾಮವನ್ನು ಎದುರಿಸುವ ಹೊಣೆ ಗಡಿಯಂಚಿನ ಜನರ ಮೇಲೆ ಹಾಗೂ ಸಿಂಹದ ಮೇಲೆ ಬೀಳುತ್ತದೆ. ಸಮೀಪಚಿತ್ರಗಳಿಂದ ದೊರೆತ ಜ್ಞಾನವು ಅಮೂಲ್ಯವಾದುದು. ಸಿಂಹಗಳ ರಕ್ಷಣೆಗೆ ಲೋಕದ ಬೆಂಬಲವನ್ನು ಗಳಿಸಿಕೊಟ್ಟದ್ದೂ ಈ ಚಿತ್ರಗಳೇ. ಆದಕಾರಣ ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ಇಂಥ ಚಿತ್ರಗಳನ್ನು ಸಂಗ್ರಹಿಸುವಾಗ ತೆಗೆದವರ ಹೆಸರು, ತೆಗೆದ ವರ್ಷಗಳೊಡನೆ ಅವು ಯಾವ ಏರ್ಪಾಡಿನಲ್ಲಿ, ಯಾರ ನೆರವಿನಿಂದ ದೊರೆತವು ಎಂಬ ವಿವರವನ್ನೂ ದಾಖಲಿಸುವುದು ಅವಶ್ಯಕ. ಆ ವಿವರವಿಲ್ಲದ ಸಿಂಹಚಿತ್ರವು ಸಿಂಹದ ರೂಪವನ್ನು ತಿಳಿಸಬಲ್ಲುದೇ ಹೊರತು ಅದರ ಚರಿತ್ರೆಯನ್ನು ತಿಳಿಸಲಾರದು.